ಗಾಜಿನ ಕೋಣೆಯಿಂದ ಮುಂದಿನ ಬೆಂಚಿಗೆ

ಎಲ್ಲಾ ಶುರುವಾಗಿದ್ದು ಒಂದು ಸ್ಟೀಲ್ ನೀರಿನ ಬಾಟಲಿಯಿಂದ.

ಭಾನುವಾರ ಬೆಳಿಗ್ಗೆ. ಬೆಂಗಳೂರಿನ ನಮ್ಮ ಕನ್ನಡ ಚರ್ಚು. ಪಾಪದ ಅರಿಕೆಯ ಪ್ರಾರ್ಥನೆ ಮುಗಿದು ಎಲ್ಲರೂ ತಲೆ ಬಗ್ಗಿಸಿ ಮೌನವಾಗಿದ್ದರು. ಆ ಮೌನದಲ್ಲೇ ನನ್ನ ಎರಡೂವರೆ ವರ್ಷದ ಮಗಳು ಬಾಟಲಿ ಬಿಟ್ಟಳು. ಠಣ್ ಅಂತ ಬಿದ್ದದ್ದು ಅಲ್ಲೇ ನಿಲ್ಲಬಾರದೇ? ಬೆಂಚುಗಳ ಕೆಳಗೆ ಉರುಳುತ್ತಾ ಉರುಳುತ್ತಾ ನಾಲ್ಕು ಸಾಲು ದಾಟಿ ಹೋಯಿತು. ಪುಟ್ಟಿ ಅದರ ಹಿಂದೆಯೇ “ನನ್ ಬಾತ್ಲಿ!” ಅಂತ ಓಡಿದಳು. ನಾನು ಅವಳ ಹಿಂದೆ.

ಯಾರೂ ಬೈಯಲಿಲ್ಲ. ಆದರೆ ಸುಮಾರು ಜನ ತಿರುಗಿ ನೋಡಿದರು. ಬಾಗಿಲ ಬಳಿ ನಿಂತಿದ್ದ ಹಿರಿಯರೊಬ್ಬರು ಮೆಲ್ಲಗೆ ಬಂದು, “ಅಲ್ಲಿ ಕೂತ್ಕೊಳ್ಳಿಮ್ಮಾ, ನಿಮಗೂ ಅನುಕೂಲ” ಅಂತ ಹಿಂಬದಿಯ ಗಾಜಿನ ಕೋಣೆ ತೋರಿಸಿದರು.

ಆ ಕೋಣೆಯಲ್ಲಿ ನಾನು ಎರಡು ವರ್ಷ ಕೂತೆ.

ಲೈವ್‌ನಲ್ಲಿ ನೋಡಿದ ಆರಾಧನೆ

ಸಣ್ಣ ಮಕ್ಕಳಿರುವ ತಾಯಂದಿರಿಗಾಗಿ ಇಂಥ ಕೋಣೆ ಈಗ ಹಲವು ಚರ್ಚುಗಳಲ್ಲಿದೆ. ನಮ್ಮದರಲ್ಲಿ ನೆಲಕ್ಕೆ ರಬ್ಬರ್ ಮ್ಯಾಟು, ಒಂದು ಬುಟ್ಟಿ ಆಟಿಕೆ, ಗೋಡೆಗೆ ಒಂದು ಸ್ಪೀಕರ್. ಸ್ಪೀಕರ್‌ನಲ್ಲಿ ಅರ್ಧ ಪ್ರಸಂಗ, ಅರ್ಧ ಗೊರಗೊರ. ಉದ್ದೇಶ ಒಳ್ಳೆಯದೇ. ಹಾಲು ಕುಡಿಸಲು, ಡೈಪರ್ ಬದಲಿಸಲು, ಅಳುವ ಮಗುವನ್ನು ಸಮಾಧಾನ ಮಾಡಲು ಅದಕ್ಕಿಂತ ಒಳ್ಳೆ ಜಾಗ ಇರಲಿಲ್ಲ.

ಆದರೆ ವಾರಗಳು ಕಳೆದಂತೆ ಅಲ್ಲೇನಾಯಿತು ಅಂತ ನಿಜ ಹೇಳಿಬಿಡ್ತೀನಿ. ಮೊದಮೊದಲು ಸಂಗೀತ ಪುಸ್ತಕ ತೆಗೆದು ಹಾಡುತ್ತಿದ್ದೆ. ಆಮೇಲೆ ಬರೀ ಗುನುಗುತ್ತಿದ್ದೆ. ಆಮೇಲೆ ಪಕ್ಕದವರ ಜೊತೆ ಎಲ್‌ಕೆಜಿ ಅಡ್ಮಿಷನ್ ಮಾತು. ಕೊನೆಗೆ ಮೊಬೈಲು. ಎಲ್ಲರೂ ಎದ್ದು ನಿಂತು ವಿಶ್ವಾಸ ಪ್ರಮಾಣ ಹೇಳುವಾಗ ನಾವು ಕೂತೇ ಇರುತ್ತಿದ್ದೆವು. ಗಾಜಿನ ಆಚೆ ನಡೆಯುವುದು ಯಾವುದೋ ಲೈವ್ ಕಾರ್ಯಕ್ರಮ, ನಾವು ನೋಡುಗರು. ಗಂಡ ಒಳಗೆ, ನಾನು ಹೊರಗೆ. ಮನೆಗೆ ಬರುವಾಗ ಅವರು “ಇವತ್ತಿನ ಪ್ರಸಂಗ ಚೆನ್ನಾಗಿತ್ತಲ್ವಾ?” ಅಂದರೆ ನನಗೆ ಸುಮ್ಮನೆ ಸಿಟ್ಟು ಬರುತ್ತಿತ್ತು.

ಆದರೂ ಅದನ್ನು ಬದಲಿಸಬೇಕು ಅಂತ ಅನಿಸಿರಲಿಲ್ಲ. ಇನ್ನೆರಡು ವರ್ಷ, ಆಮೇಲೆ ಸಂಡೇ ಸ್ಕೂಲ್‌ಗೆ ಹೋಗ್ತಾಳೆ, ನಾನು ಆರಾಮಾಗಿ ಒಳಗೆ ಕೂರ್ತೀನಿ ಅಂದುಕೊಂಡಿದ್ದೆ.

ನನ್ನನ್ನು ಎಬ್ಬಿಸಿದ್ದು ಪುಟ್ಟಿಯ ಒಂದು ಚಿತ್ರ.

ಎಲ್‌ಕೆಜಿಯಲ್ಲಿ “ನಾನು ಭಾನುವಾರ ಹೋಗುವ ಜಾಗ” ಅಂತ ಬರೆಯಲು ಹೇಳಿದ್ದರು. ಅವಳು ಒಂದು ದೊಡ್ಡ ಚೌಕ ಬರೆದು, ಅದರೊಳಗೆ ಚೆಂಡು, ಗೊಂಬೆ, ನನ್ನನ್ನು ಬರೆದಿದ್ದಳು. ಚೌಕದ ಆಚೆ ಸಾಲುಸಾಲಾಗಿ ಕಪ್ಪು ಉಂಡೆಗಳು.

“ಇವೇನೇ ಪುಟ್ಟಿ?”

“ಚರ್ಚಿನ ಜನ.”

“ಕಣ್ಣು, ಬಾಯಿ ಎಲ್ಲಿ?”

“ಅವರಿಗೆ ಮುಖ ಕಾಣಲ್ಲಮ್ಮ. ನಾವು ಹಿಂದೆ ಇರ್ತೀವಲ್ಲ?”

ಎರಡು ವರ್ಷದಲ್ಲಿ ನನ್ನ ಮಗಳಿಗೆ ಗೊತ್ತಾದ ಸಭೆ ಅಂದರೆ ಒಂದಿಷ್ಟು ಜನರ ಬೆನ್ನು.

“ಆ ಹಾಡು ನಿದ್ದ್ಯಾಗ ಬಂದಾವ”

ಅದೇ ತಿಂಗಳು ಹುಬ್ಬಳ್ಳಿಯಿಂದ ನಮ್ಮತ್ತೆ ಬಂದರು. ಮೊದಲ ಭಾನುವಾರ ಅವರೂ ನನ್ನ ಜೊತೆ ಗಾಜಿನ ಕೋಣೆಗೆ ಬಂದು ಮ್ಯಾಟಿನ ಮೇಲೆ ಕೂತರು. ಹತ್ತು ನಿಮಿಷ ಸುಮ್ಮನಿದ್ದವರು, “ಏನವಾ, ದೇವರ ಮನಿಗೆ ಬಂದು ಹೊರಗ ಕುಂತೀವಲ್ಲ?” ಅಂದರು.

“ಮಕ್ಕಳು ಗಲಾಟೆ ಮಾಡ್ತಾರೆ ಅತ್ತೆ, ಎಲ್ಲರಿಗೂ ತೊಂದರೆ.”

“ನಾವೇನು ಹುಟ್ಟಿದ ಕೂಡ್ಲೇ ಶಾಣ್ಯಾ ಆಗಿದ್ವೇನು? ಸಣ್ಣವ್ರಿದ್ದಾಗ ಮುಂದ ಚಾಪಿ ಹಾಸಿರತಿದ್ರು, ಹುಡುಗ್ರೆಲ್ಲಾ ಅಲ್ಲೇ ಕುಂಡ್ರತಿದ್ವಿ. ನಿದ್ದಿ ಬಂದ್ರ ಅಲ್ಲೇ ಮಕ್ಕೋತಿದ್ವಿ. ಎಚ್ಚರಾದಾಗ ಹಾಡು ನಡದಿರತಿತ್ತು. ಆ ಹಾಡು ನನಗ ಯಾರೂ ಕಲಿಸಿಲ್ಲ ನೋಡು. ನಿದ್ದ್ಯಾಗ ಬಂದಾವ.”

ಆ ಮಾತು ನನ್ನನ್ನು ಬಿಡಲಿಲ್ಲ. ನಾನು ಉಡುಪಿ ಕಡೆಯವಳು. ಯಕ್ಷಗಾನ ನೋಡಲು ಹೋದಾಗ ಅಜ್ಜಿಯ ಮಡಿಲಲ್ಲಿ ಮಲಗಿದ್ದು, ಚೆಂಡೆ ಜೋರಾದಾಗ ದಡಕ್ಕನೆ ಎದ್ದು ಕೂತಿದ್ದು ನೆನಪಿದೆ. ಯಾರೂ ನಮಗೆ “ಮಕ್ಕಳ ಯಕ್ಷಗಾನ” ಬೇರೆ ಮಾಡಿರಲಿಲ್ಲ. ಅರ್ಥ ಆಗದಿದ್ದರೂ ಅದು ನಮ್ಮದು ಅನ್ನುವುದು ಗೊತ್ತಿತ್ತು. ಮದುವೆ ಮನೆ, ಜಾತ್ರೆ, ದೇವಸ್ಥಾನ, ಎಲ್ಲಿ ನೋಡಿದರೂ ನಮ್ಮೂರಲ್ಲಿ ಮಕ್ಕಳು ದೊಡ್ಡವರ ಕಾಲುಗಳ ನಡುವೆಯೇ ಬೆಳೆಯುತ್ತಾರೆ. ಆಫೀಸು, ಸಿನಿಮಾ ಹಾಲ್‌ಗಳ ಶಿಸ್ತನ್ನು ನಾವು ಚರ್ಚಿಗೂ ತಂದುಬಿಟ್ಟೆವಾ ಅಂತ ಅನುಮಾನ ಬಂತು.

ಇನ್ನೊಂದು ಚಿಂತೆಯೂ ಇತ್ತು. ಪುಟ್ಟಿ ಓದುವುದು ಇಂಗ್ಲಿಷ್ ಮೀಡಿಯಂ. ನಮ್ಮ ಜೊತೆಯ ಎಷ್ಟೋ ಮನೆಯವರು “ಮಕ್ಕಳಿಗೆ ಕನ್ನಡ ಆರಾಧನೆ ಅರ್ಥ ಆಗಲ್ಲ” ಅಂತ ಇಂಗ್ಲಿಷ್ ಆರಾಧನೆಗೆ ಹೋಗತೊಡಗಿದ್ದರು. ಆದರೆ ನಮ್ಮತ್ತೆ ಪ್ರಾರ್ಥನೆ ಮಾಡುವುದು ಕನ್ನಡದಲ್ಲಿ. ನನ್ನಮ್ಮ ಹಾಡುವುದು ಕನ್ನಡದಲ್ಲಿ. ಆ ಕನ್ನಡ ಮಗುವಿನ ಕಿವಿಗೆ ಬೀಳುವ ಒಂದೇ ಒಂದು ಗಂಟೆಯಲ್ಲಿ ನಾನು ಅವಳನ್ನು ಗಾಜಿನ ಹಿಂದೆ ಕೂರಿಸಿದ್ದೆ.

ಸಂಡೇ ಸ್ಕೂಲ್ ಹುಟ್ಟಿದ್ದು ಬೇರೆ ಕಾರಣಕ್ಕೆ

ಟೆಸ್ಟಿಂಗ್ ಕೆಲಸ ಮಾಡುವವಳು ನಾನು. ಯಾವುದೇ ವ್ಯವಸ್ಥೆ ಕಂಡರೂ “ಇದು ಯಾಕೆ ಹೀಗಿದೆ” ಅಂತ ಕೆದಕುವ ಚಾಳಿ. ಆರಾಧನೆಯ ಹೊತ್ತಿನಲ್ಲೇ ಮಕ್ಕಳನ್ನು ಬೇರೆ ಕಡೆ ಕಳಿಸುವ ಪದ್ಧತಿ ಎಲ್ಲಿಂದ ಬಂತು ಅಂತ ಓದಲು ಶುರು ಮಾಡಿದೆ.

ಸಂಡೇ ಸ್ಕೂಲ್ ಅಂದ ಕೂಡಲೇ ಕೇಳಿಬರುವ ಹೆಸರು ಇಂಗ್ಲೆಂಡಿನ ಗ್ಲಾಸ್ಟರ್ ಊರಿನ ಪತ್ರಿಕೆ ನಡೆಸುತ್ತಿದ್ದ ರಾಬರ್ಟ್ ರೇಕ್ಸ್ ಅವರದು. 1780ರಲ್ಲಿ ಅವರು ಶುರುಮಾಡಿದ ಶಾಲೆ ವಾರವಿಡೀ ದುಡಿಯುತ್ತಿದ್ದ ಬಡ ಮಕ್ಕಳಿಗಾಗಿತ್ತು. ಅವರಿಗೆ ಬಿಡುವು ಸಿಗುತ್ತಿದ್ದದ್ದು ಭಾನುವಾರ ಮಾತ್ರ. ಅಲ್ಲಿ ಮೊದಲ ಕೆಲಸ ಓದು ಬರಹ ಕಲಿಸುವುದು. ಅಂದರೆ ಸಂಡೇ ಸ್ಕೂಲ್ ಹುಟ್ಟಿದ್ದು ಆರಾಧನೆಯ ಬದಲಿಗೆ ಅಲ್ಲ, ಶಾಲೆ ಇಲ್ಲದ ಮಕ್ಕಳಿಗೆ ಶಾಲೆಯಾಗಿ.

ನಮ್ಮ ನಾಡಿನ ಕತೆಯಲ್ಲೂ ಚರ್ಚು, ಮಕ್ಕಳು, ಅಕ್ಷರ ಒಟ್ಟಿಗೇ ಇವೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮುಂದೆ ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿಗಳಿಗೂ ಹೋದರು. ಹೋದಲ್ಲೆಲ್ಲಾ ಶಾಲೆ ತೆರೆದರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೊಗ್ಲಿಂಗ್, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಕಿಟ್ಟೆಲ್ ಇಬ್ಬರೂ ಆ ಮಿಷನ್ನಿನವರೇ. 1947ರ ಸೆಪ್ಟೆಂಬರ್ 27ರಂದು ಹಲವು ಪ್ರೊಟೆಸ್ಟೆಂಟ್ ಸಭೆಗಳು ಒಂದಾಗಿ ದಕ್ಷಿಣ ಇಂಡಿಯಾ ಸಭೆ, ಅಂದರೆ ಸಿಎಸ್‌ಐ ಹುಟ್ಟಿತು. ನಮ್ಮತ್ತೆ ಹೇಳುವ ಚಾಪೆ ಇಂಥ ಒಂದು ಊರಿನ ಚರ್ಚಿನದು.

ಬೇರೆ ಸಭೆಗಳಲ್ಲಿ ಹೇಗಿದೆ ಅಂತ ನೋಡಿದರೆ ಒಂದೇ ಉತ್ತರವಿಲ್ಲ. ಆರ್ಥೊಡಾಕ್ಸ್ ಸಭೆಗಳಲ್ಲಿ ದೀಕ್ಷಾಸ್ನಾನ ಆದ ಕೂಸಿಗೂ ಪರಮ ಪ್ರಸಾದ ಕೊಡುತ್ತಾರೆ. ಕೆಥೊಲಿಕರಲ್ಲಿ ಹತ್ತನೇ ಪಿಯೂಸ್ ಪೋಪ್ 1910ರಲ್ಲಿ ಮೊದಲ ಪರಮ ಪ್ರಸಾದದ ವಯಸ್ಸನ್ನು ಸುಮಾರು 7 ವರ್ಷಕ್ಕೆ ಇಳಿಸಿದರು. ಮಕ್ಕಳು ಭಾಗವಹಿಸುವ ಬಲಿಪೂಜೆ ಹೇಗಿರಬೇಕು ಅಂತ 1973ರಲ್ಲಿ ವ್ಯಾಟಿಕನ್ ಒಂದು ಮಾರ್ಗದರ್ಶಿಯನ್ನೇ ಹೊರಡಿಸಿತು. ನಮ್ಮ ಸಭೆಯಲ್ಲಿ ದೃಢೀಕರಣ ಆದ ಮೇಲಷ್ಟೇ ಕರ್ತನ ಭೋಜನ. ಅಲ್ಲಿವರೆಗೆ ಮಕ್ಕಳು ಮುಂದೆ ಬಂದರೆ ತಲೆ ಮೇಲೆ ಕೈಯಿಟ್ಟು ಆಶೀರ್ವಾದ.

ನನಗೆ ತುಂಬಾ ಇಷ್ಟದ ಉದಾಹರಣೆ ನಮ್ಮ ಕರಾವಳಿಯದೇ, ಮೊಂತಿ ಹಬ್ಬ. ಸೆಪ್ಟೆಂಬರ್ 8ಕ್ಕೆ ಮೊದಲಿನ ಒಂಬತ್ತು ದಿನ ಕೆಥೊಲಿಕ ಮಕ್ಕಳು ಬುಟ್ಟಿ ತುಂಬಾ ಹೂವು ಹಿಡಿದು ಇಗರ್ಜಿಗೆ ಬಂದು ಬಾಲ ಮರಿಯಮ್ಮನ ಮುಂದೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ತೆನೆ ಆಶೀರ್ವದಿಸಿ ಮನೆಗೆ ತಂದು ಮನೆಮಂದಿಯೆಲ್ಲಾ ಕೂತು ಊಟ. ಚಿಕ್ಕವಳಿದ್ದಾಗ ಪಕ್ಕದ ಮನೆಯ ಗೆಳತಿಯ ಜೊತೆ ನಾನೂ ಹೂ ಕುಯ್ಯಲು ಹೋಗಿದ್ದೆ. ಅಲ್ಲಿ ಮಕ್ಕಳು ಬರದಿದ್ದರೆ ಹಬ್ಬಕ್ಕೆ ಹೂವೇ ಇಲ್ಲ!

ಸತ್ಯವೇದದ ಗಲಾಟೆ ಮಕ್ಕಳು

ಸತ್ಯವೇದ ತೆರೆದರೆ ಅಲ್ಲೂ ಮಕ್ಕಳು ಎಲ್ಲೆಲ್ಲೂ ಇದ್ದಾರೆ. ಯೇಸುವಿನ ಹತ್ತಿರ ಮಕ್ಕಳನ್ನು ಕರೆತಂದವರನ್ನು ತಡೆದದ್ದು ಹೊರಗಿನವರಲ್ಲ, ಶಿಷ್ಯರೇ. ಯೇಸು ಅದಕ್ಕೆ ಸಿಟ್ಟಾದರು ಅಂತ ಮಾರ್ಕನ ಸುವಾರ್ತೆಯಲ್ಲಿದೆ. ದೇವಾಲಯದೊಳಗೆ ಮಕ್ಕಳು ಕೂಗಾಡಿದಾಗ ಬೇಸರಪಟ್ಟುಕೊಂಡವರು ಮಹಾಯಾಜಕರು. ಯೇಸು ಮಕ್ಕಳ ಪರ ಮಾತಾಡಿದರು. ದೇವರು ಕರೆದಾಗ ಎಚ್ಚೆತ್ತವನು ಬಾಲಕ ಸಮುವೇಲ, ಕರೆದದ್ದು ಯಾರೆಂದು ಅವನಿಗೆ ತಿಳಿಸಿಕೊಟ್ಟವನು ವಯಸ್ಸಾದ ಏಲಿ. ಒಬ್ಬರಿಗೊಬ್ಬರು ಬೇಕಾಯಿತು. ಯೆಹೂದ್ಯರ ಪಸ್ಕ ಹಬ್ಬದ ಊಟದಲ್ಲಿ ಇಂದಿಗೂ ಮನೆಯ ಅತಿ ಚಿಕ್ಕ ಮಗು “ಈ ರಾತ್ರಿ ಯಾಕೆ ವಿಶೇಷ” ಅಂತ ಕೇಳಬೇಕು, ಆಮೇಲೆಯೇ ಹಿರಿಯರು ಕತೆ ಹೇಳುವುದು. ಅಲ್ಲಿ ಮಗುವಿನ ಪ್ರಶ್ನೆ ಆರಾಧನೆಯ ಭಾಗವೇ.

ಉದ್ದ ಪ್ರಸಂಗದ ಕತೆಯೂ ಇದೆ. ತ್ರೋವದಲ್ಲಿ ಪೌಲ ಮಧ್ಯರಾತ್ರಿವರೆಗೆ ಮಾತಾಡಿದಾಗ ಕಿಟಕಿಯಲ್ಲಿ ಕೂತಿದ್ದ ಯುವಕನೊಬ್ಬ ತೂಕಡಿಸಿ ಮೂರನೇ ಅಂತಸ್ತಿನಿಂದ ಬಿದ್ದೇಬಿಟ್ಟ! ಪುಣ್ಯಕ್ಕೆ ಮತ್ತೆ ಜೀವಂತನಾದ. ಬಿದ್ದದ್ದು ಅವನದೇ ತಪ್ಪು ಅಂತ ಅಲ್ಲಿ ಯಾರೂ ಹೇಳಿಲ್ಲ.

ಇದೆಲ್ಲಾ ಓದಿಕೊಂಡು ಸಭಾಪಾಲಕರ ಹತ್ತಿರ ಹೋದೆ. ಅವರು ಕೇಳಿಸಿಕೊಂಡು ಒಂದೇ ಮಾತು ಹೇಳಿದರು: “ನಿಮ್ಮ ಮಗಳ ದೀಕ್ಷಾಸ್ನಾನದ ದಿನ ನೆನಪಿದೆಯಾ? ಈ ಮಗುವನ್ನು ವಿಶ್ವಾಸದಲ್ಲಿ ಬೆಳೆಸಲು ನೆರವಾಗ್ತೀವಿ ಅಂತ ಇಡೀ ಸಭೆ ಎದ್ದು ನಿಂತು ಮಾತು ಕೊಟ್ಟಿತ್ತು. ಆ ಮಾತನ್ನೇ ಸಮಿತಿ ಮುಂದೆ ಇಡಿ.”

ಎದ್ದು ನಿಂತ ತಾತ

ಸಮಿತಿಯಲ್ಲಿ ನಾನು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಹಾಗೆ ಆಗದಿದ್ದದ್ದೇ ಒಳ್ಳೆಯದಾಯಿತು ಅಂತ ಈಗ ಅನಿಸುತ್ತದೆ.

ಸಂಡೇ ಸ್ಕೂಲ್ ಟೀಚರ್ ಒಬ್ಬರು, “ಹಾಗಾದ್ರೆ ನಾವು ಇಷ್ಟು ವರ್ಷ ಮಾಡಿದ್ದು ದಂಡವಾ?” ಅಂತ ನೊಂದುಕೊಂಡರು. ಮೂರು ತಿಂಗಳ ಬಾಣಂತಿಯೊಬ್ಬಳು, “ಅಕ್ಕಾ, ದಯವಿಟ್ಟು ಆ ಕೋಣೆ ಮಾತ್ರ ಮುಚ್ಚಿಸಬೇಡಿ, ನಂಗೆ ಅದೊಂದೇ ಕೂತು ಉಸಿರಾಡೋ ಜಾಗ” ಅಂದಳು.

ಆಮೇಲೆ ಎದ್ದು ನಿಂತವರು ನಾವೆಲ್ಲಾ ತಾತ ಅಂತ ಕರೆಯುವ ಹಿರಿಯರು. ಎಚ್‌ಎಂಟಿಯಲ್ಲಿ ದುಡಿದು ನಿವೃತ್ತರಾದವರು, ಎಂಬತ್ತರ ಹತ್ತಿರ. ಬಾಟಲಿ ಉರುಳಿದ ದಿನ ಮೊದಲು ತಿರುಗಿ ನೋಡಿದವರೂ ಅವರೇ. ನನಗೆ ಒಳಗೊಳಗೇ ಅವರ ಮೇಲೆ ಕೋಪವಿತ್ತು.

“ಮಕ್ಕಳು ಬೇಡ ಅನ್ನೋಕೆ ನಾನು ಯಾರಮ್ಮ?” ಅಂದರು. “ಆದರೆ ನನ್ನ ಕಿವಿ ಮಷೀನ್ ನೋಡಿ. ಇದಕ್ಕೆ ಮಗು ಕಿರುಚೋದೂ ಒಂದೇ, ಪ್ರಸಂಗಾನೂ ಒಂದೇ, ಬೆಂಚು ಎಳೆಯೋದೂ ಒಂದೇ. ಎಲ್ಲಾ ಒಟ್ಟಿಗೆ ತಲೆಗೆ ಹೊಡೆಯುತ್ತೆ. ನನ್ನ ಹೆಂಡತಿ ಹೋದಮೇಲೆ ಮನೇಲಿ ವಾರವೆಲ್ಲಾ ಟಿವಿ ಸದ್ದು. ಈ ಒಂದು ಗಂಟೆ ನಂಗೆ ಬೇಕು.”

ನಾನು ಬಾಯಿ ಮುಚ್ಚಿಕೊಂಡು ಕೂತೆ. ಮಕ್ಕಳಿಗೆ ಜಾಗ ಮಾಡಿಕೊಡಿ ಅಂತ ಕೇಳಲು ಹೊರಟವಳು ಇನ್ನೊಬ್ಬರ ಜಾಗ ಕಿತ್ತುಕೊಳ್ಳುತ್ತಿದ್ದೇನಾ?

ಕೊನೆಗೆ ಒಪ್ಪಂದವಾಯಿತು. ಮೂರು ತಿಂಗಳು ಪ್ರಯೋಗ. ತಿಂಗಳ ಮೊದಲ ಭಾನುವಾರ ಮಾತ್ರ ಎಲ್ಲರೂ ಒಟ್ಟಿಗೆ. ಉಳಿದ ಭಾನುವಾರ ಸಂಡೇ ಸ್ಕೂಲ್ ಎಂದಿನಂತೆ. ಗಾಜಿನ ಕೋಣೆ ಇರುತ್ತದೆ, ಆದರೆ ಅಲ್ಲಿಗೆ ಹೋಗಿ ಅಂತ ಯಾರೂ ಯಾರಿಗೂ ಹೇಳಬಾರದು. ಬೇಕಾದವರು ತಾವೇ ಹೋಗಬೇಕು. ಬಲಗಡೆಯ ಹಿಂದಿನ ನಾಲ್ಕು ಬೆಂಚು ನಿಶ್ಶಬ್ದ ಬೇಕಾದವರಿಗೆ. ಪ್ರಸಂಗ 15 ನಿಮಿಷ ದಾಟಬಾರದು. (ಇದಕ್ಕೆ ಯುವಕರ ಕಡೆಯಿಂದ ಚಪ್ಪಾಳೆ ಬಿತ್ತು!)

ಸಭಾಪಾಲಕರು ಇನ್ನೊಂದು ಷರತ್ತು ಹಾಕಿದರು. “ಮಕ್ಕಳನ್ನ ಮುಂದೆ ನಿಲ್ಲಿಸಿ ಒಂದು ಆ್ಯಕ್ಷನ್ ಸಾಂಗ್ ಮಾಡಿಸಿ ಚಪ್ಪಾಳೆ ತಟ್ಟೋದು ಬೇಡ. ಅದು ಪ್ರದರ್ಶನ. ಅವರಿಗೆ ನಿಜವಾದ ಕೆಲಸ ಕೊಡಿ. ಅವರು ಮಾಡದಿದ್ದರೆ ಆರಾಧನೆ ನಿಲ್ಲಬೇಕು, ಅಂಥ ಕೆಲಸ.”

ಹಾಗಾಗಿ ದೊಡ್ಡ ಮಕ್ಕಳಿಗೆ ಸತ್ಯವೇದ ವಾಚನ, ನಡುವಿನವರಿಗೆ ಕಾಣಿಕೆ ಚೀಲ, ಬಾಗಿಲಲ್ಲಿ ಪುಸ್ತಕ ಕೊಡುವ ಕೆಲಸ. ಆಗಷ್ಟೇ ಯುಕೆಜಿಗೆ ಬಂದಿದ್ದ ನನ್ನ ಮಗಳಿಗೆ ಗೋಡೆಯ ಮೇಲಿನ ಮರದ ಬೋರ್ಡಿಗೆ ಸಂಗೀತದ ನಂಬರ್ ಹಾಕುವ ಕೆಲಸ ಸಿಕ್ಕಿತು. ಹಳೇ ಬೋರ್ಡು, ಅಂಕಿಯ ತುಂಡುಗಳನ್ನು ಕೈಯಲ್ಲೇ ಜಾರಿಸಿ ಕೂರಿಸಬೇಕು.

ಮೊದಲ ಭಾನುವಾರ

ಮೊದಲ ಭಾನುವಾರ ಎಲ್ಲಾ ಎಡವಟ್ಟು.

ಕಾಣಿಕೆ ಚೀಲಕ್ಕಾಗಿ ಇಬ್ಬರು ಹುಡುಗರು ಎಳೆದಾಡಿ ಚಿಲ್ಲರೆಯೆಲ್ಲಾ ಚೆಲ್ಲಿತು. ವಾಚನಕ್ಕೆ ನಿಂತ ಏಳನೇ ಕ್ಲಾಸಿನ ಹುಡುಗಿ ಹಳೇ ಒಡಂಬಡಿಕೆಯ ಹೆಸರುಗಳಲ್ಲಿ ಸಿಕ್ಕಿಕೊಂಡು ಅಳು ನುಂಗಿಕೊಂಡಳು. ಪ್ರಸಂಗದ ನಡುವೆ ನನ್ನ ಮಗಳು ಎಲ್ಲರಿಗೂ ಕೇಳುವಂತೆ, “ಅಮ್ಮಾ, ಇನ್ನೂ ಎಷ್ಟು ಹೊತ್ತು?” ಅಂದಳು. ಸಭಾಪಾಲಕರು ನಿಲ್ಲಿಸಿ, “ಇನ್ನು ಐದೇ ನಿಮಿಷ ಮರಿ” ಅಂತ ಉತ್ತರ ಕೊಟ್ಟರು. ಸಭೆ ನಕ್ಕಿತು. ನಾನು ನಾಚಿಕೆಯಿಂದ ಮುದುಡಿಕೊಂಡೆ.

ಆದರೆ ನನಗೆ ಚುಚ್ಚಿದ್ದು ಬೇರೆ. ಎರಡನೇ ಸಂಗೀತ ನಡೆಯುವಾಗಲೇ ತಾತ ಪುಸ್ತಕ ಮುಚ್ಚಿಟ್ಟು, ಕೋಲು ತೆಗೆದುಕೊಂಡು ಹೊರಗೆ ನಡೆದರು.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಯಾರೂ ನನ್ನ ಮುಖಕ್ಕೆ ಹೇಳದಿದ್ದರೂ ನನಗೆ ಕೇಳಿಸುತ್ತಿತ್ತು: ಮಕ್ಕಳನ್ನು ಒಳಗೆ ಕರೆಸಲು ಹೋಗಿ ಒಬ್ಬ ಹಿರಿಯರನ್ನು ಹೊರಗೆ ಕಳಿಸಿದೆವು. ಗಾಜಿನ ಕೋಣೆಯಲ್ಲಿ ಕೂತಾಗ ನನಗಾದದ್ದನ್ನೇ ನಾನು ಅವರಿಗೆ ಮಾಡಿದ್ದೆ.

ಅತ್ತೆಗೆ ಫೋನ್ ಮಾಡಿ ಹೇಳಿಕೊಂಡೆ. “ಫೋನ್ಯಾಗ ನನಗೇನ ಹೇಳ್ತಿ? ಅವರ ಮನಿಗೆ ಹೋಗು. ಕೂಸಿನ್ನೂ ಕರಕೊಂಡು ಹೋಗು” ಅಂದರು.

ಶನಿವಾರ ಸಂಜೆ ಬಾಳೆಹಣ್ಣು ತೆಗೆದುಕೊಂಡು ಪುಟ್ಟಿಯ ಜೊತೆ ಹೋದೆ. ಬಾಗಿಲು ತೆರೆದ ತಾತನಿಗೆ ಆಶ್ಚರ್ಯ. ಒಳಗೆ ಕೂರಿಸಿ ತಾವೇ ಟೀ ಮಾಡಿ ತಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

“ಗಲಾಟೆಗೆ ಎದ್ದು ಹೋದದ್ದಲ್ಲಮ್ಮ” ಅಂದರು. “ಗಲಾಟೆಗೆ ಮಷೀನ್ ಆಫ್ ಮಾಡ್ಕೊಂಡಿದ್ದೆ. ಬೋರ್ಡಲ್ಲಿ ೧೬೯ ಅಂತಿತ್ತು. ನಾನು ಅದನ್ನೇ ತೆಗೆದು ಗಟ್ಟಿಯಾಗಿ ಹಾಡ್ತಾ ಇದ್ದೆ. ಪಕ್ಕದವರು ನನ್ನನ್ನೇ ನೋಡ್ತಾ ಇದ್ದರು. ಆಮೇಲೆ ಅವರ ಪುಸ್ತಕ ನೋಡ್ತೀನಿ, ೧೯೬! ಎಲ್ಲರೂ ಒಂದು ಹಾಡು, ನಾನೊಬ್ಬ ಇನ್ನೊಂದು. ಅಯ್ಯನವರು ನಂಬರ್ ಹೇಳಿದ್ದು ನಿಮಗೆಲ್ಲಾ ಕೇಳುತ್ತೆ. ನನಗೆ ಆ ಬೋರ್ಡೇ ಗತಿ.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾಚಿಕೆ ಆಯ್ತಮ್ಮ. ಈ ವಯಸ್ಸಲ್ಲಿ ಎಲ್ಲರೂ ತಿರುಗಿ ನೋಡಿದರೆ ಹೇಗಾಗುತ್ತೆ ಹೇಳಿ” ಅಂದರು.

ಹೇಗಾಗುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಪುಟ್ಟಿ ಬಾಳೆಹಣ್ಣು ತಿನ್ನುವುದು ನಿಲ್ಲಿಸಿದ್ದಳು. ಶಾಲೆಯಲ್ಲಿ ಅವಳು ಕಲಿತದ್ದು ಬೇರೆ ಅಂಕಿ. ಬೋರ್ಡಿನ ತುಂಡುಗಳಲ್ಲಿ ಇದ್ದದ್ದು ಕನ್ನಡ ಅಂಕಿ. ನಾನು ಚೀಟಿಯಲ್ಲಿ ಬರೆದುಕೊಟ್ಟಿದ್ದನ್ನು ನೋಡಿ ಜೋಡಿಸಿದವಳಿಗೆ ೬ ಯಾವುದು, ೯ ಯಾವುದು ಗೊತ್ತಾಗಿರಲಿಲ್ಲ.

“ತಾತ, ನಾನೇ ಹಾಕಿದ್ದು. ಸಾರಿ.”

ತಾತ ಅವಳನ್ನು ದಿಟ್ಟಿಸಿ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಅವರು ಎದ್ದು ಹೋಗಿ ಒಂದು ಹಳೇ ಕ್ಯಾಲೆಂಡರ್ ತಂದು, ಅದರ ಹಿಂಬದಿಗೆ ಪೆನ್ನಿನಿಂದ ದೊಡ್ಡದಾಗಿ ೬, ೯ ಬರೆದರು. “ಬಾಲ ಯಾವ ಕಡೆ ನೋಡ್ತಿದೆ ನೋಡು. ವಾಚ್ ಫ್ಯಾಕ್ಟರೀಲಿ ಡಯಲ್ ಮೇಲೆ ಒಂದು ಅಂಕಿ ತಪ್ಪಿದರೆ ವಾಚೇ ವಾಪಸ್. ಅದು ದೊಡ್ಡ ಕೆಲಸ. ನಿಂದೂ ದೊಡ್ಡ ಕೆಲಸಾನೇ. ನಾಳೆ ಅರ್ಧ ಗಂಟೆ ಮುಂಚೆ ಬಾ. ನಾನೂ ಬರ್ತೀನಿ.”

ಈಗ ಹೇಗಿದೆ?

ಒಂದು ವರ್ಷ ಕಳೆದಿದೆ. ಮೂರು ತಿಂಗಳ ಪ್ರಯೋಗ ಇನ್ನೂ ನಿಂತಿಲ್ಲ. ಎಲ್ಲಾ ಸರಿಹೋಯಿತು ಅಂತ ಬರೆದರೆ ಸುಳ್ಳಾದೀತು. ಒಂದು ಮನೆಯವರು “ನಮಗೆ ಈ ಗದ್ದಲ ಆಗಿಬರಲ್ಲ” ಅಂತ ಇಂಗ್ಲಿಷ್ ಆರಾಧನೆಗೆ ಹೋದರು. ಎಷ್ಟೋ ಭಾನುವಾರ ಪ್ರಸಂಗದ ಒಂದು ವಾಕ್ಯವೂ ನನ್ನ ತಲೆಗೆ ಹೋಗುವುದಿಲ್ಲ. ಮಗಳಿಗೆ ತೀರಾ ಹಟ ಬಂದ ದಿನ ನಾನೇ ಎದ್ದು ಗಾಜಿನ ಕೋಣೆಗೆ ಹೋಗುತ್ತೇನೆ. ಆದರೆ ಕಳಿಸಿದ್ದಕ್ಕೆ ಹೋಗುವುದಕ್ಕೂ ಬೇಕೆಂದು ಹೋಗುವುದಕ್ಕೂ ವ್ಯತ್ಯಾಸವಿದೆ. ಕರ್ತನ ಭೋಜನದ ಹೊತ್ತಿಗೆ ಪುಟ್ಟಿ “ನಂಗ್ಯಾಕಿಲ್ಲ?” ಅಂತ ಕೇಳುತ್ತಾಳೆ. ನಾನು ಕೊಡುವ ಉತ್ತರ ಅವಳಿಗೆ ಸಾಲುತ್ತಿಲ್ಲ, ನಿಜ ಹೇಳಬೇಕೆಂದರೆ ನನಗೂ ಸಾಲುತ್ತಿಲ್ಲ.

ಸಂಡೇ ಸ್ಕೂಲ್ ದಂಡವಾಗಲಿಲ್ಲ. ಮೊದಲ ಭಾನುವಾರ ಹಾಡುವ ಸಂಗೀತ, ಓದುವ ಭಾಗವನ್ನು ಟೀಚರ್‌ಗಳು ಈಗ ಅದರ ಹಿಂದಿನ ವಾರಗಳಲ್ಲೇ ಕಲಿಸುತ್ತಾರೆ. ಮೊದಲ ಸಲ ಹೆಸರುಗಳಲ್ಲಿ ಸಿಕ್ಕಿಕೊಂಡ ಹುಡುಗಿ ಕ್ರಿಸ್ಮಸ್ಸಿಗೆ ಮತ್ತೆ ಓದಿದಳು, ಈ ಸಲ ನಿಲ್ಲದೆ.

ಪ್ರಯತ್ನಿಸುವವರಿಗೆ ನಾವು ಕಲಿತದ್ದು ಇಷ್ಟು

• ಮನೆಯಲ್ಲೇ ತಯಾರಿ. ಶನಿವಾರ ರಾತ್ರಿ ಮಲಗುವಾಗ ಮರುದಿನದ ಒಂದು ಹಾಡಿನ ಪಲ್ಲವಿ ಸಾಕು. ಗೊತ್ತಿರುವ ಸಾಲು ಬಂದಾಗ ಮಗುವಿನ ಮುಖ ನೋಡಿ. ಕರ್ತನ ಪ್ರಾರ್ಥನೆಯನ್ನು ಊಟದ ಹೊತ್ತಿಗೆ ಹೇಳುತ್ತಿದ್ದರೆ ಚರ್ಚಿನಲ್ಲಿ ಅವರ ದನಿಯೂ ಸೇರುತ್ತದೆ.

• ಮುಂದೆ ಕೂರಿ. ಹಿಂದೆ ಕೂತರೆ ಮಗುವಿಗೆ ಕಾಣುವುದು ಬೆನ್ನು ಮಾತ್ರ. ಮುಂದೆ ಕೂತರೆ ರೊಟ್ಟಿ ಮುರಿಯುವುದು, ದೀಪ ಹಚ್ಚುವುದು, ನೀರು ಹಾಕುವುದು ಕಾಣುತ್ತದೆ.

• ಚೀಲದಲ್ಲಿ ಸದ್ದು ಮಾಡದ ಸಾಮಾನು. ಕ್ರೇಯಾನ್, ಹಾಳೆ, ಬಟ್ಟೆಯ ಗೊಂಬೆ. ಚರಚರ ಅನ್ನುವ ಚಿಪ್ಸ್ ಪ್ಯಾಕೆಟ್ ಬೇಡ, ಸ್ಟೀಲ್ ಬಾಟಲಿಯಂತೂ ಬೇಡವೇ ಬೇಡ! ಮೊಬೈಲ್ ಕೊಟ್ಟರೆ ಮಗು ಪಕ್ಕದಲ್ಲಿದ್ದೂ ಗಾಜಿನ ಕೋಣೆಯಲ್ಲೇ ಇದ್ದ ಹಾಗೆ.

• ನಿಜವಾದ ಕೆಲಸ ಕೊಡಿ, ಕಲಿಸಿಕೊಡಿ. ನಾವು ಕೆಲಸ ಕೊಟ್ಟೆವು, ಕಲಿಸಲಿಲ್ಲ. ಪೆಟ್ಟು ತಿಂದವರು ತಾತ.

• ಹಿರಿಯರನ್ನೂ ಕೇಳಿ. ಕಿವಿ ಕೇಳದವರಿಗೆ, ಸದ್ದು ಆಗದವರಿಗೆ ಏನು ಬೇಕು ಅಂತ ಕೇಳಿಯೇ ಜಾಗ ಗೊತ್ತು ಮಾಡಿ. ಸದ್ದು, ಬೆಳಕು ತಡೆಯಲಾಗದ ಮಕ್ಕಳೂ ಇರುತ್ತಾರೆ. ನಿಶ್ಶಬ್ದದ ಬೆಂಚು ಅವರಿಗೂ ಬೇಕು.

• ತಾಯಿಯೊಬ್ಬಳದೇ ಜವಾಬ್ದಾರಿ ಅಲ್ಲ. ನಮ್ಮ ಮನೆಯಲ್ಲಿ ಈಗ ಒಂದು ವಾರ ನಾನು ಎದ್ದು ಹೊರಗೆ ಹೋದರೆ ಇನ್ನೊಂದು ವಾರ ಅವರು. ಗಂಡನಿಗೂ ಈಗ ಗೊರಗೊರ ಸ್ಪೀಕರ್ ಪರಿಚಯವಾಗಿದೆ.

• ತಿರುಗಿ ನೋಡುವವರಿಗೆ ಒಂದು ವಿನಂತಿ. ತಿರುಗಿ ನೋಡಿ, ಪರವಾಗಿಲ್ಲ. ನೋಡಿದಾಗ ನಕ್ಕುಬಿಡಿ.

ಕೊನೆಯ ಬೆಂಚಿನಿಂದ ಮೊದಲ ಬೆಂಚಿಗೆ

ತಾತನಿಗೆ ಹಿಂದಿನ ನಿಶ್ಶಬ್ದದ ಬೆಂಚು ಕೊಟ್ಟಿದ್ದೆವಲ್ಲ, ಅವರು ಅಲ್ಲಿ ಕೂರುವುದಿಲ್ಲ. ಬೋರ್ಡು ಸರಿಯಾಗಿ ಕಾಣುವುದು ಮುಂದಿನ ಬೆಂಚಿಗೆ ಅಂತ ಅಲ್ಲಿಗೇ ಬಂದಿದ್ದಾರೆ. ಪ್ರತಿ ಭಾನುವಾರ ಅರ್ಧ ಗಂಟೆ ಮುಂಚೆ, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಚೀಟಿ. ಪುಟ್ಟಿ ಸ್ಟೂಲ್ ಮೇಲೆ ನಿಂತು ಅಂಕಿ ಜಾರಿಸುತ್ತಾಳೆ, ಅವರು ಕೆಳಗೆ ನಿಂತು ಒಪ್ಪಿಗೆ ಕೊಡುತ್ತಾರೆ. ಒಂದನೇ ಕ್ಲಾಸಿನ ನನ್ನ ಮಗಳು ಈಗ ಬಿಎಂಟಿಸಿ ಬಸ್ಸಿನ ಮೇಲಿರುವ ಕನ್ನಡ ಅಂಕಿಯನ್ನೂ ಓದುತ್ತಾಳೆ.

ಕಳೆದ ತಿಂಗಳು ಆರಾಧನೆಯ ನಡುವೆ ಸಭಾಪಾಲಕರು ಇದ್ದಕ್ಕಿದ್ದಂತೆ ಹಾಡು ಬದಲಿಸಿ ಬೇರೆ ನಂಬರ್ ಹೇಳಿದರು. ಬೋರ್ಡಿನಲ್ಲಿ ಅದು ಇರಲಿಲ್ಲ. ತಾತ ಹಳೇ ನಂಬರಿನ ಪುಟ ತೆಗೆದುಕೊಂಡು ಎದ್ದು ನಿಂತಿದ್ದರು. ನಾನು ಏನು ಮಾಡಲಿ ಅಂತ ಯೋಚಿಸುವಷ್ಟರಲ್ಲಿ ಪುಟ್ಟಿ ಬೆಂಚಿನಿಂದ ಜಾರಿ ಇಳಿದು, ಅವರ ಕೈಯಿಂದ ಪುಸ್ತಕ ತೆಗೆದುಕೊಂಡು, ಪುಟ ಮಗುಚಿ, ನಂಬರಿನ ಮೇಲೆ ಬೆರಳಿಟ್ಟು ತೋರಿಸಿದಳು.

ತಾತ ಅಂಕಿ ನೋಡಿದರು, ತಲೆಯಾಡಿಸಿದರು, ಸರಿಯಾದ ಹಾಡನ್ನೇ ಹಾಡಿದರು. ಸ್ವಲ್ಪ ಅಪಸ್ವರದಲ್ಲಿ, ಎಲ್ಲರಿಗಿಂತ ಗಟ್ಟಿಯಾಗಿ. ಯಾರೂ ತಿರುಗಿ ನೋಡಲಿಲ್ಲ.

ನಿಮ್ಮ ಮನೆಯಲ್ಲಿ, ನಿಮ್ಮ ಚರ್ಚು, ದೇವಸ್ಥಾನ, ಮಸೀದಿಗಳಲ್ಲಿ ಮಕ್ಕಳು ಎಲ್ಲಿ ಕೂರುತ್ತಾರೆ? ನೀವು ಚಿಕ್ಕವರಿದ್ದಾಗ ಎಲ್ಲಿ ಕೂರುತ್ತಿದ್ದಿರಿ? ನಿದ್ದೆಯಲ್ಲಿ ಕಲಿತ ಹಾಡು ನಿಮಗೂ ಇದೆಯಾ? ನಮ್ಮ ಓದುಗರ ಅಂಕಣಕ್ಕೆ ಬರೆಯಿರಿ, ನಾನಂತೂ ಓದಲು ಕಾಯ್ತಾ ಇರ್ತೀನಿ.